‘ಡಿಬಂಕ್’ ಎಂಬ ಕ್ರಿಯಾಪದ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಬಂಕಂ ಎಂಬ ಜಿಲ್ಲೆಯಿದೆ. 1820ರಲ್ಲಿ ಅಲ್ಲಿನ ಪ್ರತಿನಿಧಿ ಫೀಲಿಕ್ಸ್ ವಾಕರ್ ಎಂಬಾತನು, ಮಿಸೂರಿ ಪ್ರಾಂತದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಗಹನವಾದ ಚರ್ಚೆಯ ನಡುವೆ ಎದ್ದುನಿಂತು, ಗೊತ್ತುಗುರಿಯಿಲ್ಲದ ಭಾಷಣಕ್ಕೆ ತೊಡಗಿದನು. ಸಾಕುಮಾಡೆಂದು ಸದಸ್ಯರು ಬೇಡಿದಾಗ, ತಾನು ಮಾತನಾಡುತ್ತಿರುವುದು ಸಭೆಗಲ್ಲ, ಬಂಕಂಗೆ ಎಂದನಂತೆ! ಅಂದಿನಿಂದ ಹುರುಳಿಲ್ಲದ ಮಾತಿಗೆ ‘ಬಂಕಂ’ ಎಂದೇ ಹೆಸರಾಯಿತು; ಕಾಲಕ್ರಮೇಣ ಸವೆದು ‘ಬಂಕ್’ ಆಯಿತು. ಪಾಪ, ಆ ಜಿಲ್ಲೆಯ ಜನ ಮಾಡಿದ ಅಪರಾಧವೇನು? (ನಮ್ಮ ಪೆಟ್ರೋಲ್ ಬಂಕಿಗೂ, ವಿದ್ಯಾರ್ಥಿಗಳು ತರಗತಿಗೆ ಹೊಡೆಯುವ ಬಂಕಿಗೂ ಇದರ ನಂಟಿಲ್ಲ.)

1923ರಲ್ಲಿ ವಿಲಿಯಂ ವುಡ್‌ವರ್ಡ್ ‘ಬಂಕ್’ ಎಂಬ ಕಾದಂಬರಿ ಬರೆದು, ಅದರಲ್ಲಿ ‘ಡಿ’ ಎಂಬ ಉಪಸರ್ಗ ಸೇರಿದ ‘ಡಿಬಂಕ್’ ಶಬ್ದವನ್ನು ಬಳಕೆಗೆ ತಂದನು. ಬಂಕನ್ನು ತೆಗೆದುಹಾಕುವುದು ಎಂದರ್ಥ. ಬಾಲಕ ವಾಷಿಂಗ್ಟನ್ ಚೆರಿ ಮರವನ್ನು ಕಡಿದು, ಸುಳ್ಳಾಡಲಾರದೆ ತಪ್ಪೊಪ್ಪಿಕೊಂಡ ಕಥೆಯನ್ನು ಕೇಳದವರಾರು? ಅದನ್ನು ಪ್ರಚಾರಕ್ಕೆ ತಂದವನು ವೀಮ್ಸ್ ಎಂಬ ಪಾದ್ರಿ; ಅದಕ್ಕೆ ಆಧಾರ ದೊರೆತಿಲ್ಲ. ಸತ್ಯವನ್ನು ಬೋಧಿಸುವ ಕಥೆಯೇ ಕಟ್ಟುಕಥೆ! ಇಂಥದನ್ನು ತೋರಿಸಿಕೊಟ್ಟಾಗ ‘ಡಿಬಂಕ್’ ಮಾಡಿದರು ಎನ್ನುವುದು ಸರಿಯಾದ ಪ್ರಯೋಗ.

ಕನ್ನಡದಲ್ಲಿ ಇದನ್ನು ‘ಖಂಡಿಸು’ ಎಂದರೆ ಸಾಲದು. ಶಾಸ್ತ್ರಗ್ರಂಥಗಳಲ್ಲಿ ಖಂಡನೆಗೆ ಮೊದಲು ಪೂರ್ವಪಕ್ಷವನ್ನು ವಿವರವಾಗಿ ನಿರೂಪಿಸುವರು. ಎದುರಾಳಿಗೂ ಅಲ್ಲಿ ಮಣೆಯುಂಟು. ‘ಡಿಬಂಕ್’ನಲ್ಲಿ ಆ ಮರ್ಯಾದೆಯಿಲ್ಲ, ತುಸು ಅಪಹಾಸ್ಯವೇ ಇದೆ. ‘ಬಣ್ಣ ಬಯಲು ಮಾಡು’, ‘ಪೊಳ್ಳೆಂದು ತೋರಿಸು’ ಎಂಬವು ಹತ್ತಿರದ ಮಾತುಗಳು. ಮಗ್ಗಿಯಲ್ಲಿ ತಪ್ಪಿದ ಬಾಲಕನನ್ನು ತಿದ್ದಬೇಕು. ಅವನ ಲೆಕ್ಕವನ್ನು ಯಾರೂ ‘ಡಿಬಂಕ್’ ಮಾಡುವುದಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಈ ಕ್ರಿಯಾಪದದೊಳಗೆ ತೀರ್ಪು ಮೊದಲೇ ಅಡಗಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪರಿಶೀಲನೆಯೆಂದರೆ ಫಲ ಇತ್ತಲೂ ಆಗಬಹುದು, ಅತ್ತಲೂ ಆಗಬಹುದು. ಪವಾಡಗಳನ್ನು ‘ಡಿಬಂಕ್’ ಮಾಡಲೆಂದೇ ಸಮಿತಿ ನೇಮಕವಾಯಿತು ಎಂದು ಯಾರಾದರೂ ಬರೆದರೆ, ಪರೀಕ್ಷೆಗೆ ಮೊದಲೇ ಫಲಿತಾಂಶವನ್ನು ಪ್ರಕಟಿಸಿದಂತಾಗುವುದು. ಅಂಥ ವಾಕ್ಯದಲ್ಲಿ ಆ ಶಬ್ದವನ್ನು ಹೊಡೆದುಹಾಕಿ, ‘ಪರೀಕ್ಷಿಸಲು’ ಎಂದು ತಿದ್ದತಕ್ಕದ್ದು.