ರೌಟರ್‌ಗೆ ವಿಪಿಎನ್ ಹಾಕಿದರೆ ಇಡೀ ಮನೆ ಸುರಕ್ಷಿತವೇ?

‘ಮನೆಯ ವೈಫೈ ರೌಟರ್‌ಗೆ ಒಮ್ಮೆ ವಿಪಿಎನ್ ಹಾಕಿಬಿಡಿ. ಹ್ಯಾಕರ್ ಕಾಟವಿಲ್ಲ, ಬ್ಯಾಂಕ್ ಹಣ ಭದ್ರ, ನೆಟ್ ಕೂಡ ಸ್ಪೀಡ್.’ ಇಂಥ ಸಲಹೆಗಳಲ್ಲಿ ಸ್ವಲ್ಪ ನಿಜವಿದೆ, ತಪ್ಪೇ ಹೆಚ್ಚು. ದುಡ್ಡು ಕೊಡುವ ಮೊದಲು ಒಂದೊಂದಾಗಿ ನೋಡೋಣ.

ವಿಪಿಎನ್ ಎಂದರೇನು?

ನಮ್ಮ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿ, ದೂರದ ಒಂದು ಸರ್ವರ್‌ವರೆಗೆ ಮುಚ್ಚಿದ ದಾರಿಯಲ್ಲಿ ಕಳಿಸುವ ವ್ಯವಸ್ಥೆ. ಅದಕ್ಕೇ ಇದನ್ನು ಟನಲ್, ಅಂದರೆ ಸುರಂಗ ಎನ್ನುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ಸುರಂಗದೊಳಗೆ ಹೊಕ್ಕ ರೈಲು ಹೊರಗಿನವರಿಗೆ ಕಾಣದು, ಆಚೆ ಬಂದೊಡನೆ ಕಾಣುತ್ತದೆ. ವಿಪಿಎನ್ ಮರೆಯೂ ಅಷ್ಟೇ. ಮನೆಯಿಂದ ವಿಪಿಎನ್ ಸರ್ವರ್‌ವರೆಗೆ ಮಾತ್ರ. ಮುಂದಿನದು ಎಂದಿನ ಇಂಟರ್ನೆಟ್ ದಾರಿ.

ರೌಟರ್‌ನಲ್ಲೇ ಹಾಕಿದರೆ ಆ ವೈಫೈ ಬಳಸುವ ಫೋನ್, ಟಿವಿ, ಸಿಸಿಟಿವಿ ಎಲ್ಲವೂ ಅದೇ ಸುರಂಗದಲ್ಲಿ ಹೋಗುತ್ತವೆ. ಫೋನ್ ಹಿಡಿದು ತೋಟಕ್ಕೆ ಹೋಗಿ ಮೊಬೈಲ್ ಡೇಟಾ ಆನ್ ಮಾಡಿದರೆ ಆ ಮರೆ ಇರುವುದಿಲ್ಲ.

ಸ್ಪೀಡ್ ಹೆಚ್ಚುತ್ತದೆಯೇ?

ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮಾಹಿತಿ ಸುತ್ತು ದಾರಿ ಹಿಡಿಯುತ್ತದೆ, ಅದನ್ನು ಗೂಢಲಿಪಿಗೆ ಬದಲಿಸುವ ಕೆಲಸ ರೌಟರ್‌ನ ಪುಟ್ಟ ಪ್ರೊಸೆಸರ್ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ, ಕರೆಂಟ್ ಹೋದರೆ, ಹೆತ್ತೂರು–ಯಸಳೂರು ಕಡೆಯ ಕಣಿವೆಯಲ್ಲಿ ಟವರ್ ಸಿಗದಿದ್ದರೆ ವಿಪಿಎನ್ ಏನೂ ಮಾಡಲಾರದು.

ಬ್ಯಾಂಕ್ ಹಣ ಉಳಿಯುತ್ತದೆಯೇ?

ಇಲ್ಲೇ ದೊಡ್ಡ ಅಪಾಯವಿರುವುದು. ಬ್ಯಾಂಕ್ ಆ್ಯಪ್ ಮತ್ತು ‘ಎಚ್‌ಟಿಟಿಪಿಎಸ್’ ಇರುವ ವೆಬ್‌ಸೈಟ್‌ಗಳ ಮಾಹಿತಿ ವಿಪಿಎನ್ ಇಲ್ಲದೆಯೂ ಗೂಢಲಿಪಿಯಲ್ಲೇ ಹೋಗುತ್ತದೆ. ಹಣ ಹೋಗುವುದು ಹೆಚ್ಚಾಗಿ ಬೇರೆ ದಾರಿಯಲ್ಲಿ: ನಾವೇ ಹೇಳುವ ಒಟಿಪಿ, ‘ಡಿಜಿಟಲ್ ಅರೆಸ್ಟ್’ ಬೆದರಿಕೆ, ಮದುವೆ ಕರೆಯೋಲೆ ಹೆಸರಲ್ಲಿ ಬರುವ ಎಪಿಕೆ ಫೈಲ್. ಇವೆಲ್ಲ ಸುರಂಗದೊಳಗಿಂದಲೂ ಸಲೀಸಾಗಿ ಬರುತ್ತವೆ. ವಿಪಿಎನ್ ಇದೆಯೆಂದು ಮೈಮರೆತರೆ ನಷ್ಟ ನಮಗೇ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾರಿಗೂ ಕಾಣುವುದಿಲ್ಲವೇ?

ನೀವು ಯಾವ ಸೈಟ್ ನೋಡುತ್ತೀರಿ ಎಂಬುದು ಇಂಟರ್ನೆಟ್ ಕೊಡುವ ಕಂಪನಿಗೆ ಕಾಣದು. ಆದರೆ ವಿಪಿಎನ್ ಕಂಪನಿಗೆ ಕಾಣಬಹುದು. ನಂಬಿಕೆ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಅಷ್ಟೇ. ಪುಕ್ಕಟೆ ವಿಪಿಎನ್ ಆದರೆ ಅದರ ಖರ್ಚು ಹೇಗೆ ಹುಟ್ಟುತ್ತದೆ ಎಂದು ಕೇಳಿಕೊಳ್ಳಿ. ಇನ್ನು ಫೋನಿನ ಜಿಪಿಎಸ್ ಮತ್ತು ನೀವು ಲಾಗಿನ್ ಆಗಿರುವ ಖಾತೆಗಳು ನಿಮ್ಮ ಗುರುತನ್ನು ಹೇಳುತ್ತಲೇ ಇರುತ್ತವೆ.

ಭಾರತದಲ್ಲಿ ವಿಪಿಎನ್ ಬಳಕೆಗೆ ದೇಶವ್ಯಾಪಿ ನಿಷೇಧವಿಲ್ಲ. ಆದರೆ ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸಂಸ್ಥೆ ಸಿಇಆರ್‌ಟಿ–ಇನ್ 2022ರ ಏಪ್ರಿಲ್ 28ರಂದು ವಿಪಿಎನ್ ಕಂಪನಿಗಳಿಗೆ ನಿರ್ದೇಶನ ನೀಡಿತು. ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್ ಮೊದಲಾದವು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದುಹಾಕಿದವು.

ಹಾಗಾದರೆ ಯಾರಿಗೆ ಉಪಯೋಗ?

ಆಲೂರಿನ ಬಳಿ ತೋಟವಿದೆ, ಮನೆಯವರು ಬೆಂಗಳೂರಿನಲ್ಲಿದ್ದಾರೆ, ಕಾಫಿ ಒಣಗಿಸುವ ಕಣದ ಕ್ಯಾಮೆರಾ ನೋಡಬೇಕು ಎನ್ನಿ. ಅದಕ್ಕಾಗಿ ರೌಟರ್‌ನಲ್ಲಿ ಪೋರ್ಟ್ ತೆರೆದಿಟ್ಟರೆ ಅಪರಿಚಿತರೂ ಬಾಗಿಲು ತಟ್ಟಬಹುದು. ಬದಲಿಗೆ ತೋಟದ ಮನೆಯ ರೌಟರ್‌ನಲ್ಲೇ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಸರ್ವರ್ ನಡೆಸಿದರೆ, ಕೀಲಿ ಇರುವ ನಿಮ್ಮ ಫೋನ್ ಮಾತ್ರ ಒಳಗೆ ಹೋಗುತ್ತದೆ. ಎರಡೂ ಉಚಿತ ತಂತ್ರಾಂಶಗಳು, ನಡುವೆ ಬೇರೆ ವಿಪಿಎನ್ ಕಂಪನಿ ಬೇಕಿಲ್ಲ.

ಮೊದಲು ಎರಡು ವಿಷಯ ಕೇಳಿ. ನಿಮ್ಮ ರೌಟರ್‌ನಲ್ಲಿ ಈ ಸೌಲಭ್ಯ ಇದೆಯೇ? ನಿಮ್ಮ ಸಂಪರ್ಕಕ್ಕೆ ಪ್ರತ್ಯೇಕ ಪಬ್ಲಿಕ್ ಐಪಿ ಇದೆಯೇ? ಅನೇಕ ಕಂಪನಿಗಳು ಹಲವು ಮನೆಗಳಿಗೆ ಒಂದೇ ಐಪಿ ಹಂಚುತ್ತವೆ. ಆಗ ಹೊರಗಿನಿಂದ ಬರುವ ಸಂಪರ್ಕ ನೇರವಾಗಿ ನಿಮ್ಮ ಮನೆ ತಲುಪುವುದಿಲ್ಲ.

ಎಲ್ಲರೂ ಮಾಡಬೇಕಾದ್ದು

ರೌಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅದರ ತಂತ್ರಾಂಶ ಅಪ್‌ಡೇಟ್ ಮಾಡಿ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಬೇರೆ ‘ಗೆಸ್ಟ್ ವೈಫೈ’ ಕೊಡಿ. ಇದಕ್ಕೆ ಖರ್ಚಿಲ್ಲ. 2018ರಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೌಟರ್ ಮತ್ತು ಶೇಖರಣಾ ಸಾಧನಗಳನ್ನು ಹೊಕ್ಕಿತ್ತು. ಹೆಸರಲ್ಲಿ ವಿಪಿಎನ್ ಇದ್ದರೂ ಅದಕ್ಕೂ ವಿಪಿಎನ್‌ಗೂ ಸಂಬಂಧವಿಲ್ಲ. ರೌಟರನ್ನೇ ಕಾಯದಿದ್ದರೆ ಅದರೊಳಗಿನ ಸುರಂಗವನ್ನು ನಂಬುವಂತಿಲ್ಲ.

ವಿಪಿಎನ್ ಒಂದು ದಾರಿಯನ್ನು ಮುಚ್ಚುತ್ತದೆ, ಮೋಸವನ್ನು ತಡೆಯುವುದಿಲ್ಲ. ‘ಇಡೀ ಮನೆ ಸೇಫ್’ ಎಂಬ ಮೆಸೇಜ್ ನಿಮಗೂ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಈ ಮಾತನ್ನೂ ಜೊತೆಗೆ ಸೇರಿಸಿ.