ಹೊಳೆಯ ಪಾಲಿನ ಲೆಕ್ಕ

ದೇಶವು ಮೊದಲು ಸಂಪನ್ನವಾಗಲಿ, ನೀರು ಗಾಳಿಗಳ ಶುದ್ಧಿಯನ್ನು ಅನಂತರ ನೋಡಿಕೊಳ್ಳೋಣ ಎಂಬ ಅಭಿಪ್ರಾಯವು ಈಚೆಗೆ ವಿವೇಕವೆಂದೇ ಮನ್ನಣೆ ಪಡೆಯುತ್ತಿದೆ. ವರದಾ ಹೊಳೆಯ ದಡದ ಕರ್ಜಗಿಯ ಸೀಮೆಯವರು ಇದನ್ನು ಒಪ್ಪಲಾರರು. ವರದೆಯು ಗಳಗನಾಥದಲ್ಲಿ ಕೂಡಿಕೊಳ್ಳುವ ತುಂಗಭದ್ರೆಯ ಮೇಲೆ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಈ ಸಿದ್ಧಾಂತದ ಪರೀಕ್ಷೆ 1970ರ ದಶಕದಲ್ಲಿಯೇ ಆರಂಭವಾಯಿತು.

ನೀಲಗಿರಿ ಮರವನ್ನು ಬೇಯಿಸಿ ರೇಯಾನಿಗೆ ಬೇಕಾದ ತಿರುಳನ್ನು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಅಲ್ಲಿ ತಲೆಯೆತ್ತಿತು. ನೀರು ಕೆಟ್ಟಿತು, ಮೀನು ಸತ್ತಿತು ಎಂದು ಕೆಳದಂಡೆಯ ಊರುಗಳವರು ದೂರಿದರು. 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ಆ ದೂರನ್ನು ಚಳವಳಿಯಾಗಿಸಿತು. ಸರ್ಕಾರವಾದರೋ 1984ರಲ್ಲಿ ಅದೇ ಕಂಪನಿಯೊಡನೆ ಪಾಲುಗಾರಿಕೆ ಮಾಡಿ, ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಆ ಪಾಲುಗಾರಿಕೆಯ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಕೊಡಲು ಹೊರಟಿತು. ದನ ಮೇಯುವ, ಸೌದೆ ಆಯುವ ಆ ನೆಲಕ್ಕಾಗಿ ಜನರು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಕಾರ್ಖಾನೆಯ ತಿಂಗಳ ಸಂಬಳವೆಂಬುದು ಎಷ್ಟು ಮನೆಗಳ ಸಾಲವನ್ನು ತೀರಿಸಿತು, ಎಷ್ಟು ಮಕ್ಕಳನ್ನು ಶಾಲೆಗೆ ಕಳಿಸಿತು ಎಂದು ಕಾರ್ಮಿಕನು ಕೇಳಿದರೆ ಅವನ ಮುಂದೆ ನಾನು ತಲೆಬಾಗುತ್ತೇನೆ. ಕಾರ್ಖಾನೆಯ ಬಾಗಿಲು ಮುಚ್ಚುವುದೇ ಪರಿಹಾರವೆನ್ನುವವರು ಅವನ ಒಲೆಯ ಕಡೆಗೂ ನೋಡಬೇಕು. ಹರಿಯುವ ನೀರು ತನ್ನಷ್ಟಕ್ಕೆ ತಾನೇ ಶುದ್ಧವಾಗುತ್ತದೆ ಎನ್ನುವವರಿಗೆ ಉತ್ತರ ಅನವಶ್ಯಕ. ಆದರೆ ಸಂಬಳ ಪಡೆಯುವವನೊಬ್ಬ, ಲಾಭ ಪಡೆಯುವವನೊಬ್ಬ, ಬಲೆ ಬರಿದಾದವನು ಮತ್ತೊಬ್ಬನಾಗಿರುವಾಗ, ಮೂವರನ್ನೂ 'ದೇಶ' ಎಂಬ ಒಂದೇ ಹೆಸರಿನಲ್ಲಿ ಕೂಡಿಸಿ ಒಟ್ಟಾರೆ ಲಾಭವಾಯಿತೆನ್ನುವುದು ಅನ್ಯಾಯ. ಉತ್ಪಾದಕನು ಅನ್ಯರ ಮೇಲೆ ಹೊರಿಸುವ ವೆಚ್ಚವನ್ನು ತೆರಿಗೆಯ ಮೂಲಕ ಅವನ ಲೆಕ್ಕಕ್ಕೇ ಮರಳಿಸಬಹುದೆಂದು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿಯೇ ವಾದಿಸಿದನು. ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಎತ್ತಿಹಿಡಿಯಿತು.

ತತ್ತ್ವವುಂಟು, ದೋಷವಿರುವುದು ಅಳತೆಯಲ್ಲಿ. ಹೊಳೆಗೆ ಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಅದರ ಕೊಳೆಯನ್ನು ಕರಗಿಸಲು ಜೀವಾಣುಗಳು ಬಳಸುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಾನದಂಡ. ಲೀಟರಿನ ಲೆಕ್ಕವೊಂದೇ ಆದರೆ, ನೀರು ಬೆರೆಸಿ ತೆಳುವಾಗಿಸಿದ ಕೊಳೆಯೂ ನಿರ್ದೋಷಿಯೆನಿಸಬಹುದು. ಅದಲ್ಲದೆ, ಶ್ರಾವಣದಲ್ಲಿ ದಡ ಮೀರುವ ಹೊಳೆಗೂ ಚೈತ್ರದಲ್ಲಿ ಮಡುಗಳಾಗಿ ಒಡೆಯುವ ಹೊಳೆಗೂ ಒಂದೇ ಮಿತಿಯನ್ನು ವಿಧಿಸಿದರೆ, ಮಳೆಗಾಲದಲ್ಲಿ ಹೊಳೆ ತಡೆದುಕೊಳ್ಳುವ ಹೊರೆಯೇ ಬೇಸಗೆಯಲ್ಲಿ ಮೀನನ್ನು ಉಸಿರುಕಟ್ಟಿಸುತ್ತದೆ. ಆದುದರಿಂದ ಕೊಳೆನೀರು ಬಿಡುವ ಅನುಮತಿಯು ಕೊಳವೆಯ ಬಾಯಿಗಲ್ಲದೆ ಆ ದಿನದ ಹರಿವಿಗೆ ಬದ್ಧವಾಗಬೇಕು. ಅಳತೆಯ ಅಂಕಿಗಳು ಕೆಳದಂಡೆಯ ಪಂಚಾಯಿತಿಗಳಿಗೆ ಅಂದಂದೇ ತಲುಪಬೇಕು. ಹರಿವು ಕುಗ್ಗಿದ ದಿನ ಉತ್ಪಾದನೆಯೂ ಕುಗ್ಗಲಿ. ಆ ದಿನಗಳ ಸಂಬಳವನ್ನು ಮಾಲೀಕನೇ ಪೂರ್ತಿ ಕೊಡುವಂತೆ ಅನುಮತಿಪತ್ರದಲ್ಲಿಯೇ ಬರೆದಿರಲಿ.