ಬ್ಯಾಗಿನ ಕಥೆ, ಹೊಲಿದವರ ಕೂಲಿ

ದುಬಾರಿ ಬ್ಯಾಗುಗಳ ಅಂಗಡಿಯೊಂದರಲ್ಲಿ ಮೂರು ವರ್ಷ ಸೇಲ್ಸ್ ಕೆಲಸ ಮಾಡಿದವನು ನಾನು. ಬೆಲೆಯನ್ನು ನಾವಾಗಿ ಹೇಳುವ ಹಾಗಿರಲಿಲ್ಲ. ಮೊದಲು ಕೈಗೆ ಬಿಳಿ ಗ್ಲೌಸು, ಆಮೇಲೆ ಇಟಲಿಯ ಕುಶಲಕರ್ಮಿಗಳ ಕಥೆ, ಗಿರಾಕಿ ಕೇಳಿದರೆ ಮಾತ್ರ ಬೆಲೆ. ಕಥೆ ಸರಿಯಾಗಿ ಹೇಳಿದರೆ ಚೌಕಾಸಿ ಮಾಡೋರೇ ಇಲ್ಲ ನೋಡಿ!

ಇಂಥ ಕಥೆಗಳ ಹಿಂದೆ ಏನಿರಬಹುದು ಅನ್ನೋದು 2024ರಲ್ಲಿ ಮಿಲಾನ್ ಕೋರ್ಟಿನಲ್ಲಿ ಹೊರಬಿತ್ತು. 2,600 ಯೂರೋಗೆ ಮಾರುವ ಡಿಯೋರ್ ಬ್ಯಾಗೊಂದನ್ನು ಜೋಡಿಸಿಕೊಟ್ಟಿದ್ದಕ್ಕೆ ಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೋ! ಚರ್ಮದ ಖರ್ಚು ಬೇರೆ, ನಿಜ. ಮಳಿಗೆ ಬಾಡಿಗೆ, ಜಾಹೀರಾತು... ಅದನ್ನೂ ಒಪ್ಪೋಣ. ಆದರೆ ಮಿಲಾನ್ ಸುತ್ತಲಿನ ಆ ವರ್ಕ್‌ಶಾಪುಗಳಲ್ಲಿ ಕೆಲಸಗಾರರು ಅಲ್ಲೇ ಮಲಗುತ್ತಿದ್ದರಂತೆ. ಕೆಲಸ ಬೇಗ ಸಾಗಲಿ ಅಂತ ಯಂತ್ರಗಳ ಸುರಕ್ಷತಾ ಸಾಧನಗಳನ್ನೇ ತೆಗೆದುಹಾಕಿದ್ದರಂತೆ. ಡಿಯೋರ್ ಕಂಪನಿಯ ಆ ಘಟಕದ ಮೇಲಿದ್ದ ತಪ್ಪು, ಗುತ್ತಿಗೆದಾರರ ಕಡೆ ಕಣ್ಣಿಡಲಿಲ್ಲ ಅನ್ನೋದು. ಅದರ ಮೇಲಿನ ಕೋರ್ಟಿನ ಉಸ್ತುವಾರಿ 2025ರಲ್ಲಿ ಅವಧಿಗೆ ಮೊದಲೇ ಮುಗಿಯಿತು.

‘ಮೇಡ್ ಇನ್ ಇಟಲಿ’ ಅನ್ನೋದಂತೂ ಸುಳ್ಳಲ್ಲ, ಊರು ಇಟಲಿಯದ್ದೇ :)

ಬ್ಯಾಗಿನ ಜೊತೆ ‘ಇದು ಅಸಲಿ ಮಾಲು’ ಅಂತ ಒಂದು ಕಾರ್ಡ್ ಕೊಡ್ತಾರಲ್ಲ, ಹೊಲಿದವರ ಕೂಲಿ ಎಷ್ಟು ಅಂತಲೂ ಅದರಲ್ಲೇ ಅಚ್ಚು ಹಾಕಲಿ ಅನ್ನೋದು ನನ್ನ ವಾದ. ನೀವೇನಂತೀರಿ?